ಮಾರಾಟವಾಗಿ ಬಂದ ಬಡಗಿ

ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿ ಮಂಗಳೂರಿನ ಅಳಿವೆಯಲ್ಲಿ ಕಡಲು ಸೇರುತ್ತದೆ. ಈ ಅಳಿವೆಯ ಸುದ್ದಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿಗೆ ಮುಟ್ಟಿತ್ತು. ಅದು ಹೆದರಿಕೆಯ ಸುದ್ದಿ. ಕ್ರಿ.ಶ. 77ರ ಹೊತ್ತಿಗೆ ತನ್ನ ಬೃಹತ್ ಗ್ರಂಥವನ್ನು ಅರಸನ ಮಗನಿಗೆ ಒಪ್ಪಿಸಿದ ರೋಮನ್ ಲೇಖಕ ಪ್ಲಿನಿ, ‘ನಿಟ್ರಿಯಾಸ್’ ಎಂಬಲ್ಲಿ ಕಡಲ್ಗಳ್ಳರು ಕೂತಿದ್ದಾರೆ, ಹಾಗಾಗಿ ಮುಜಿರಿಸ್ ಬಂದರಿಗೆ ಹೋಗುವುದು ಅಷ್ಟು ಕ್ಷೇಮವಲ್ಲ ಎಂದು ವ್ಯಾಪಾರಿಗಳನ್ನು ಎಚ್ಚರಿಸಿದ. ಆ ನಿಟ್ರಿಯಾಸ್ ನೇತ್ರಾವತಿಯ ಮುಖವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಮುಜಿರಿಸ್ ಇದ್ದದ್ದು ಇನ್ನೂ ತೆಂಕಣಕ್ಕೆ, ಇಂದಿನ ಕೊಡುಂಗಲ್ಲೂರಿನ ಆಸುಪಾಸಿನಲ್ಲಿ.

ಕಳ್ಳರಿದ್ದರೂ ಹಡಗುಗಳು ನಿಲ್ಲಲಿಲ್ಲ. ಕೆಂಪು ಸಮುದ್ರದ ಮಯೋಸ್ ಹೊರ್ಮೋಸ್ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತದ ಕಡೆಗೆ ಹೊರಡುತ್ತಿದ್ದವು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಅರಬಸ್ತಾನದ ತುದಿಯಿಂದ ಮುಂಗಾರು ಗಾಳಿ ಹಿಡಿದರೆ 40 ದಿನಗಳಲ್ಲಿ ಮುಜಿರಿಸ್. ಹೋಗುವಾಗ ಚಿನ್ನ, ವೈನು, ಗಾಜು, ಬರುವಾಗ ಕಾಳುಮೆಣಸು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು ಹೀಗೆ ಭಾರತದ ದಡದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳ ಕಥೆ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬೇಕೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಸೂಚಿಸಿದ. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಎತ್ತಿಕೊಂಡರು. ವಾದ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ಪಶ್ಚಿಮ ಕರಾವಳಿಯೂ ಮೆಡಿಟರೇನಿಯನ್ ದಡವೂ ಒಂದರ ಮಾತು ಇನ್ನೊಂದರ ಕಿವಿಗೆ ಬೀಳುವಷ್ಟು ಹತ್ತಿರವಿದ್ದವು ಎನ್ನುವುದರಲ್ಲಿ ಅನುಮಾನವಿಲ್ಲ.

ಇಂಥ ಮೆಣಸಿನ ಹಡಗೊಂದರಲ್ಲಿ ಕ್ರಿ.ಶ. 52ರಲ್ಲಿ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮ ಮುಜಿರಿಸ್‌ಗೆ ಬಂದಿಳಿದ ಎಂಬುದು ಕೇರಳದ ಸುರಿಯಾನಿ ಕ್ರೈಸ್ತರ ನಂಬಿಕೆ. ಕೊಡುಂಗಲ್ಲೂರು, ಪಾಲಯೂರು, ಕೊಟ್ಟಕ್ಕಾವು, ಕೊಕ್ಕಮಂಗಲಂ, ನಿರಣಂ, ಕೊಲ್ಲಂ, ನಿಲಯ್ಕಲ್ ಎಂಬ ಏಳು ಕಡೆ ಅವನು ಇಗರ್ಜಿಗಳನ್ನು ನೆಲೆಗೊಳಿಸಿದ. ತಿರುವಿತಾಂಕೋಡಿನದು ‘ಅರಪ್ಪಳ್ಳಿ’, ಅರ್ಧದ ಲೆಕ್ಕ. 72ರಲ್ಲಿ ಮೈಲಾಪುರದಲ್ಲಿ ಈಟಿಯ ತಿವಿತದಿಂದ ಸತ್ತ.

ಈ ಪಟ್ಟಿಯಲ್ಲಿ ಕನ್ನಡನಾಡಿನ ಒಂದು ಊರೂ ಇಲ್ಲ. ಸುಳ್ಯ ತಾಲೂಕಿನ ಐವರ್ನಾಡು ಇರುವ ಮಾತಂತೂ ದೂರವೇ ಉಳಿಯಿತು. ಅಲ್ಲಿ ಪಂಚಲಿಂಗೇಶ್ವರ ದೇವಸ್ಥಾನವಿದೆ, ಅಡಿಕೆ ತೋಟಗಳಿವೆ, ಭೂತದ ಕೋಲಗಳಿವೆ, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಪುಗಳಿವೆ. ಹಾಗಿದ್ದೂ ಈ ಸೀಮೆಯಲ್ಲಿ ನಿಂತು ತೋಮನ ಬದುಕನ್ನು ಓದಿದರೆ, ರೋಮಿನಲ್ಲೋ ಕೋಟ್ಟಯಂನಲ್ಲೋ ಕೂತು ಓದಿದಾಗ ಕಾಣದ ಒಂದು ಮುಖ ಕಾಣುತ್ತದೆ. ತಾನಾಗಿ ಹೊರಡದೆ, ಬೇರೆಯವರು ಬರೆದ ಕಾಗದದ ಬಲದ ಮೇಲೆ ದೂರದ ನಾಡಿಗೆ ಕೆಲಸಕ್ಕೆ ಬಂದ ಕೂಲಿಯವನ ಮುಖ ಅದು. ನನಗೆ ತೋಮ ಬೇಕಾಗಿರುವುದು ಈ ಮುಖದಿಂದ.

ಸುವಾರ್ತೆಗಳಲ್ಲಿ ತೋಮನಿಗೆ ಸಿಕ್ಕಿರುವ ಜಾಗ ಚಿಕ್ಕದು. ಮತ್ತಾಯ, ಮಾರ್ಕ, ಲೂಕರಲ್ಲಿ ಅವನು ಹನ್ನೆರಡು ಹೆಸರುಗಳ ಸಾಲಿನಲ್ಲಿ ಒಂದು ಹೆಸರು, ಅಷ್ಟೆ. ಯೊವಾನ್ನನ ಸುವಾರ್ತೆಯಲ್ಲಿ ಮಾತ್ರ ಬಾಯಿ ಬಿಡುತ್ತಾನೆ. ಮೊದಲ ಸಲ, ಬೆಥಾನ್ಯದಲ್ಲಿ ಲಾಜರ ಸತ್ತಿದ್ದಾನೆ ಎಂದು ಯೇಸು ತಿಳಿಸಿದಾಗ. ಯೇಸು ಅಲ್ಲಿಗೆ ಹೋಗಹೊರಟರೆ ಉಳಿದ ಶಿಷ್ಯರಿಗೆ ಅಂಜಿಕೆ, ಏಕೆಂದರೆ ಆ ಕಡೆಯವರು ಕಲ್ಲು ಹೊಡೆಯಲು ಕಾದಿದ್ದವರು. ಆಗ, ನಡೆಯಿರಿ, ನಾವೂ ಹೋಗಿ ಅವನ ಜೊತೆಗೇ ಸಾಯೋಣ ಎಂದವನು ತೋಮ. ಎರಡನೆಯದು ಕೊನೆಯ ಊಟದ ರಾತ್ರಿ. ತಾನು ಹೋಗುವ ಕಡೆಯ ದಾರಿ ನಿಮಗೆ ಗೊತ್ತಿದೆ ಎಂದು ಗುರು ಹೇಳಿದಾಗ ಮಿಕ್ಕವರೆಲ್ಲ ತಲೆಯಾಡಿಸಿ ಸುಮ್ಮನಿದ್ದಿರಬೇಕು. ಎಲ್ಲಿಗೆ ಹೋಗುತ್ತೀಯೆಂದೇ ನಮಗೆ ಗೊತ್ತಿಲ್ಲ, ಮತ್ತೆ ದಾರಿ ಹೇಗೆ ಗೊತ್ತಾದೀತು ಎಂದು ಕೇಳಿದವನು ಇವನೊಬ್ಬ. ಮೂರನೆಯದನ್ನು ಲೋಕವೆಲ್ಲ ಬಲ್ಲದು. ಸತ್ತವನು ಎದ್ದು ಬಂದನೆಂದು ಜೊತೆಗಾರರು ಹೇಳಿದಾಗ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲಾರೆ ಎಂದ. ಎಂಟು ದಿನ ಕಳೆದು ಯೇಸು ಎದುರು ನಿಂತು, ಮುಟ್ಟಿ ನೋಡು ಎಂದ. ತೋಮ ಮುಟ್ಟಿದನೋ ಇಲ್ಲವೋ ಎಂಬುದನ್ನು ಸುವಾರ್ತೆ ಹೇಳುವುದೇ ಇಲ್ಲ. ಅವನ ಬಾಯಿಂದ ಬಂದದ್ದು, ಯೇಸುವನ್ನು ನೇರವಾಗಿ ದೇವರೆಂದು ಕರೆದ ಮಾತು. ಆ ಸುವಾರ್ತೆಯಲ್ಲಿ ಅಷ್ಟು ದೊಡ್ಡ ಮಾತನ್ನು ಬೇರೆ ಯಾವ ಶಿಷ್ಯನೂ ಆಡಿಲ್ಲ.

ಇಂಥವನಿಗೆ ‘ಸಂದೇಹದ ತೋಮ’ ಎಂಬ ಹಣೆಪಟ್ಟಿ ಹಚ್ಚಿ ಶತಮಾನಗಳ ಕಾಲ ಪ್ರವಚನಗಳಲ್ಲಿ ಬೈದದ್ದು ಅನ್ಯಾಯವೆಂದೇ ನನ್ನ ಅನಿಸಿಕೆ. ಕಣ್ಣಾರೆ ಕಾಣದೆ ಒಪ್ಪುವುದಿಲ್ಲ ಎಂದವನೇ ಎಲ್ಲರಿಗಿಂತ ದೂರದ ದಾರಿಗೆ ಬಿದ್ದವನೆಂದು ಪರಂಪರೆ ಹೇಳುತ್ತದೆ. ಕೇಳಿ ತಿಳಿದುಕೊಂಡವನ ನಿಷ್ಠೆ ಅದು.

ಅವನ ಬದುಕಿನ ಉಳಿದ ಕಥೆ ಸಿಗುವುದು ಬೈಬಲಿನ ಹೊರಗೆ. ಮೂರನೇ ಶತಮಾನದ ಮೊದಲ ಭಾಗದಲ್ಲಿ, ಬಹುಶಃ ಎಡೆಸ್ಸಾ ಪಟ್ಟಣದಲ್ಲಿ, ಸುರಿಯಾನಿ ಭಾಷೆಯಲ್ಲಿ ಹುಟ್ಟಿದ ‘ತೋಮನ ಕೃತ್ಯಗಳು’ ಎಂಬ ಪುಸ್ತಕ ಅದು. ಚರ್ಚು ಇದನ್ನು ಪವಿತ್ರಗ್ರಂಥದೊಳಗೆ ಸೇರಿಸಲಿಲ್ಲ. ಪವಾಡಗಳು ತುಂಬಿತುಳುಕುವ ಈ ಪುಸ್ತಕವನ್ನು ಇತಿಹಾಸವೆಂದು ಓದಬಾರದು ಎನ್ನುವುದೂ ಸರಿಯೇ. ಆದರೆ ಅದರ ಆರಂಭ ನೋಡಿ.

ಶಿಷ್ಯರೆಲ್ಲ ಜೆರುಸಲೇಮಿನಲ್ಲಿ ಕೂಡಿ ಯಾರು ಯಾವ ದೇಶಕ್ಕೆ ಹೋಗಬೇಕೆಂದು ಚೀಟಿ ಹಾಕುತ್ತಾರೆ. ತೋಮನ ಪಾಲಿಗೆ ಭಾರತ ಬೀಳುತ್ತದೆ. ಅವನು ಒಲ್ಲೆ ಎನ್ನುತ್ತಾನೆ. ಮೈಯಲ್ಲಿ ಶಕ್ತಿಯಿಲ್ಲ, ಇಬ್ರಿಯನಾದ ನಾನು ಆ ಜನಕ್ಕೆ ಏನೆಂದು ಹೇಳಲಿ ಎಂದು ಹಟ ಹಿಡಿಯುತ್ತಾನೆ. ರಾತ್ರಿ ಕನಸಿನಲ್ಲಿ ಯೇಸುವೇ ಬಂದು ಧೈರ್ಯ ಹೇಳಿದರೂ ಜಗ್ಗುವುದಿಲ್ಲ. ಅದೇ ಹೊತ್ತಿಗೆ ಭಾರತದ ಅರಸ ಗುಂಡಫೊರನ ಕಡೆಯ ಹಬ್ಬಾನ್ ಎಂಬ ವ್ಯಾಪಾರಿ ಒಳ್ಳೆಯ ಬಡಗಿಯನ್ನು ಹುಡುಕುತ್ತ ಸಂತೆಯಲ್ಲಿ ತಿರುಗುತ್ತಿರುತ್ತಾನೆ. ಯೇಸು ಅವನ ಬಳಿ ಹೋಗಿ ತನ್ನಲ್ಲೊಬ್ಬ ಬಡಗಿ ಆಳಿದ್ದಾನೆಂದು ಹೇಳಿ, ಬೆಲೆ ಕುದುರಿಸಿ, ಕ್ರಯಪತ್ರ ಬರೆದುಕೊಟ್ಟು ತೋಮನನ್ನು ಮಾರಿಬಿಡುತ್ತಾನೆ. ಇವನು ನಿನ್ನ ಒಡೆಯನೇ ಎಂದು ವ್ಯಾಪಾರಿ ಕೇಳಿದರೆ ತೋಮ ಹೌದೆನ್ನದೆ ವಿಧಿಯಿಲ್ಲ. ಮಾರನೆಯ ಬೆಳಗ್ಗೆ ತನ್ನನ್ನು ಮಾರಿ ಬಂದ ಹಣವನ್ನಷ್ಟೇ ಹಿಡಿದು ಹಡಗು ಹತ್ತುತ್ತಾನೆ.

ದಾರಿಯಲ್ಲಿ ಹಬ್ಬಾನ್ ವಿಚಾರಿಸುತ್ತಾನೆ, ನಿನಗೇನು ಕೆಲಸ ಬರುತ್ತದೆ? ಮರದಲ್ಲಿ ನೇಗಿಲು, ನೊಗ, ದೋಣಿ, ಹುಟ್ಟು, ರಾಟೆ. ಕಲ್ಲಿನಲ್ಲಿ ಕಂಬ, ಗುಡಿ, ಅರಮನೆ. ಹಡಗು ನಿಂತ ಮೊದಲ ಊರಲ್ಲಿ ಅರಸನ ಮಗಳ ಮದುವೆ. ಊಟಕ್ಕೆ ಕೂತ ತೋಮ ಏನನ್ನೂ ಮುಟ್ಟುವುದಿಲ್ಲ. ಅವನು ಹಾಡಿಕೊಂಡದ್ದು ಆ ತುಂಬಿದ ಚಪ್ಪರದಲ್ಲಿ ಒಬ್ಬಳಿಗೆ ಮಾತ್ರ ತಿಳಿಯುತ್ತದೆ. ಅವಳು ಕೊಳಲೂದುವ ಇಬ್ರಿಯ ಹುಡುಗಿ, ಅವನ ನಾಡಿನವಳೇ. ಪರಸ್ಥಳದ ಮದುವೆಯೂಟದ ಸಾಲಿನಲ್ಲಿ ತನ್ನ ಭಾಷೆ ಬಲ್ಲ ಒಂದು ಮುಖಕ್ಕಾಗಿ ತಡಕಾಡಿದ ಯಾರಿಗೂ ಈ ಪ್ರಸಂಗ ಬರೆದವನ ಕೈ ಎಂಥದೆಂದು ಗೊತ್ತಾಗುತ್ತದೆ.

ಅರಸ ಅರಮನೆ ಕಟ್ಟಲು ಹೇಳಿದ. ತೋಮ ಕೋಲು ಹಿಡಿದು ನೆಲದ ಮೇಲೆ ಗೆರೆ ಎಳೆದ. ಬೆಳಕಿಗೆ ಮೂಡಲಿಗೆ ಬಾಗಿಲು, ಗಾಳಿಗೆ ಪಡುವಲಿಗೆ ಕಿಟಕಿ, ತೆಂಕಲಲ್ಲಿ ರೊಟ್ಟಿ ಸುಡುವ ಮನೆ, ಬಡಗಲಲ್ಲಿ ನೀರಿನ ಕಾಲುವೆ. ಯಾವಾಗ ಶುರು ಎಂದರೆ, ನವೆಂಬರಿಗೆ ಸರಿಹೊಂದುವ ತಿಂಗಳು ಹೇಳಿ, ಏಪ್ರಿಲಿಗೆ ಸರಿಹೊಂದುವ ತಿಂಗಳಲ್ಲಿ ಮುಗಿಸುತ್ತೇನೆ ಎಂದ. ಎಲ್ಲರೂ ಬೇಸಗೆಯಲ್ಲಿ ಕಟ್ಟುವಾಗ ನೀನು ಚಳಿಗಾಲದಲ್ಲಿ ಕಟ್ಟುತ್ತೀಯಾ ಎಂದು ಅರಸನಿಗೆ ಸೋಜಿಗ. ಸುಳ್ಯದ ಮೇಸ್ತ್ರಿಗಳನ್ನು ಕೇಳಿದ್ದರೆ ಸೋಜಿಗವೇನೂ ಆಗುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ ಪಂಚಾಂಗ ಹಾಕಿ ಮುಂದಿನ ಮಳೆಯೊಳಗೆ ಮಾಡು ಮುಗಿಸುವುದು ಇಲ್ಲಿಯ ಕ್ರಮ. ಎಡೆಸ್ಸಾದ ಲೇಖಕ ತುಳುನಾಡಿನ ಹವೆ ತಿಳಿದು ಬರೆದನೆಂದು ನಾನು ಹೇಳುತ್ತಿಲ್ಲ. ಆದರೆ ಆ ಸಾಲು ಓದುವಾಗ ಇಲ್ಲಿಯವರಿಗೆ ಬಡಗಿ ತೀರಾ ಪರಿಚಯದವನಾಗಿ ಬಿಡುತ್ತಾನೆ.

ಅರಮನೆ ಏಳಲೇ ಇಲ್ಲ. ಅರಸ ಕೊಟ್ಟ ಹಣವನ್ನು ತೋಮ ಬಡವರಿಗೂ ರೋಗಿಗಳಿಗೂ ಹಂಚಿದ. ಎಲ್ಲಿಯವರೆಗೆ ಬಂತು ಎಂದು ಅರಸ ಹೇಳಿಕಳಿಸಿದರೆ, ಮಾಡೊಂದು ಬಾಕಿ ಎಂದು ಉತ್ತರ ಹೋಯಿತು. ಅದಕ್ಕೂ ಹಣ ಬಂತು, ಅದೂ ಹಂಚಿಹೋಯಿತು. ಕಡೆಗೆ ಸೆರೆಮನೆ. ಅಷ್ಟರಲ್ಲಿ ಅರಸನ ತಮ್ಮ ಗಾದ್ ಸತ್ತು, ಪರಲೋಕದಲ್ಲಿ ಅಣ್ಣನ ಹೆಸರಿನಲ್ಲಿ ಎದ್ದು ನಿಂತ ಅರಮನೆ ಕಂಡು, ಜೀವ ಮರಳಿ ಬಂದು ಅದನ್ನು ತನಗೆ ಮಾರು ಎಂದು ಅಣ್ಣನನ್ನು ಕಾಡುತ್ತಾನೆ. ತೋಮನಿಗೆ ಬಿಡುಗಡೆಯಾಗುತ್ತದೆ.

ಗುಂಡಫೊರ ಬರೀ ಕಟ್ಟುಕಥೆಯ ಅರಸನೆಂದು ಬಹುಕಾಲ ಎಣಿಸಿದ್ದರು. 19ನೇ ಶತಮಾನದಲ್ಲಿ ವಾಯವ್ಯ ಭಾರತ ಮತ್ತು ಅಫ್ಘಾನಿಸ್ತಾನದ ಕಡೆ ಗೊಂಡೊಫರೀಸ್ ಹೆಸರಿನ ನಾಣ್ಯಗಳು ಸಿಕ್ಕವು. ತಖ್ತ್-ಇ-ಬಾಹಿಯ ಶಾಸನ ಅವನ ಆಳ್ವಿಕೆಯ 26ನೇ ವರ್ಷವನ್ನು ಹೇಳುತ್ತದೆ. ವಿದ್ವಾಂಸರ ಸಾಮಾನ್ಯ ಲೆಕ್ಕದಲ್ಲಿ ಅದು ಕ್ರಿ.ಶ. 46ರ ಸುಮಾರು. ಅರಸ ನಿಜ, ಕಾಲವೂ ಹೊಂದುತ್ತದೆ. ಆದರೆ ಅವನ ರಾಜ್ಯ ಕೇರಳದಿಂದ ಬಹಳ ದೂರ.

ಇಲ್ಲಿಯೇ ಗಂಟು ಇರುವುದು. 2006ರ ಸೆಪ್ಟೆಂಬರ್ 27ರಂದು ಪೋಪ್ 16ನೇ ಬೆನೆಡಿಕ್ಟ್, ತೋಮ ಸಿರಿಯಾ ಮತ್ತು ಪರ್ಷಿಯಾದಲ್ಲಿ ಬೋಧಿಸಿ ಪಶ್ಚಿಮ ಭಾರತದವರೆಗೆ ಬಂದ, ಅಲ್ಲಿಂದ ಕ್ರೈಸ್ತಧರ್ಮ ದಕ್ಷಿಣಕ್ಕೂ ಮುಟ್ಟಿತು ಎಂಬ ಅರ್ಥದ ಮಾತಾಡಿದರು. ಕೇರಳದಲ್ಲಿ ನೋವು, ಸಿಟ್ಟು ಎದ್ದಿತು. ವ್ಯಾಟಿಕನ್ ಪ್ರಕಟಿಸಿದ ಪಾಠ ಆಮೇಲೆ ತಿದ್ದುಪಡಿಯಾಯಿತು. ಕ್ರಿ.ಶ. 52ಕ್ಕೆ ಶಾಸನವಿಲ್ಲ, ಸಮಕಾಲೀನ ಬರಹವಿಲ್ಲ. ಇದನ್ನು ಮುಚ್ಚಿಡುವುದು ತೋಮನಿಗೇ ಮಾಡುವ ಅಪಚಾರ, ಅವನೇ ತೋರಿಸು ಎಂದು ಕೇಳಿದವನಲ್ಲವೇ. ಆದರೆ ಇರುವುದನ್ನೂ ಹೇಳಬೇಕು. ನಾಲ್ಕನೇ ಶತಮಾನದ ಸುರಿಯಾನಿ ಕವಿ ಎಫ್ರೇಮ್, ತೋಮನ ಎಲುಬುಗಳನ್ನು ವ್ಯಾಪಾರಿಯೊಬ್ಬ ಭಾರತದಿಂದ ಎಡೆಸ್ಸಾಕ್ಕೆ ತಂದ ಸಂಗತಿಯನ್ನು ಹಾಡಿದ್ದಾನೆ. ಆರನೇ ಶತಮಾನದ ನಾವಿಕ ಕೋಸ್ಮಾಸ್, ಮೆಣಸು ಬೆಳೆಯುವ ಮಲೆ ಎಂಬ ನಾಡಿನಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆ ಎಂದು ಬರೆದ. ಮಲೆಯ ಮೆಣಸಿನ ಪೇಟೆಗಳ ಅವನ ಪಟ್ಟಿಯಲ್ಲಿ ‘ಮಂಗರೂಥ್’ ಇದೆ. ಅದು ನಮ್ಮ ಮಂಗಳೂರು. ಕಲ್ಲಿಯಾನ ಮುಂಬಯಿಯ ಬಳಿಯ ಕಲ್ಯಾಣವೆಂದು ಹೆಚ್ಚಿನವರು, ಉಡುಪಿಯ ಬಳಿಯ ಕಲ್ಯಾಣಪುರವೆಂದು ಕೆಲವರು ಹೇಳುತ್ತಾರೆ. 849ರ ತರಿಸಾಪ್ಪಳ್ಳಿ ತಾಮ್ರಪಟಗಳ ಹೊತ್ತಿಗೆ ಕೊಲ್ಲಂನ ಇಗರ್ಜಿ ಹಕ್ಕುಬಾಧ್ಯತೆಗಳಿದ್ದ ದೊಡ್ಡ ಸಂಸ್ಥೆ. 13ನೇ ಶತಮಾನದ ಕೊನೆಗೆ ಬಂದ ಮಾರ್ಕೊ ಪೋಲೊ, ತೋಮನ ಸಮಾಧಿಗೆ ಕ್ರೈಸ್ತರೂ ಮುಸಲ್ಮಾನರೂ ಹೋಗುತ್ತಾರೆ, ಅಲ್ಲಿಯ ಕೆಂಪು ಮಣ್ಣನ್ನು ಜ್ವರದವರಿಗೆ ಕುಡಿಸುತ್ತಾರೆ ಎಂದು ದಾಖಲಿಸಿದ.

ತೋಮನ ಹೆಸರು ಹೊತ್ತ ಪರಂಪರೆ ತುಳುನಾಡಿನಲ್ಲಿ ಬೇರುಬಿಟ್ಟದ್ದು ಮಾತ್ರ ಈಚೆಗೆ. ಮೊದಲು ಅದನ್ನು ಎತ್ತಿಕೊಂಡವರು ಮಲಯಾಳಿಗಳಲ್ಲ, ಬ್ರಹ್ಮಾವರದ ಕೊಂಕಣಿ ಮಾತಿನ ಕ್ರೈಸ್ತರು. ಗೋವೆಯ ಆಲ್ವಾರಿಸ್ ಮಾರ್ ಜೂಲಿಯಸ್ 1889ರ ಜುಲೈ 29ರಂದು ಕೋಟ್ಟಯಂನಲ್ಲಿ ಮಲಂಕರ ಪರಂಪರೆಯ ಬಿಷಪ್ಪರಾದರು. ಅವರೊಂದಿಗೆ ನಿಂತ ಪಾದ್ರಿ ನೊರೊನ್ಹಾ 1936ರಲ್ಲಿ ಸಾಯುವವರೆಗೆ ಬ್ರಹ್ಮಾವರದಲ್ಲೇ ಉಳಿದು ಬಡವರ, ರೋಗಿಗಳ ಸೇವೆ ಮಾಡಿದರು. ಅವರ ಸಮಾಧಿಗೆ ಜನ ಇಂದಿಗೂ ಹೋಗುತ್ತಾರೆ.

ಸುಳ್ಯ, ಕಡಬ, ನೆಲ್ಯಾಡಿ, ಬೆಳ್ತಂಗಡಿಯ ಕಾಡಂಚಿಗೆ ತಿರುವಾಂಕೂರಿನ ಸುರಿಯಾನಿ ಕ್ರೈಸ್ತ ಕುಟುಂಬಗಳು ಬಂದದ್ದು ಹೆಚ್ಚಾಗಿ ಸ್ವಾತಂತ್ರ್ಯ ಬಂದ ಮೇಲೆ. ಊರಲ್ಲಿ ಜಾಗ ಸಾಲದು, ಮಕ್ಕಳು ಹೆಚ್ಚು, ಇಲ್ಲಿ ಗುಡ್ಡದ ಭೂಮಿ ಅಗ್ಗ. ಬಂದವರು ಮೊದಲು ಹಾಕಿದ್ದು ಮರಗೆಣಸು. ಹೊಟ್ಟೆಗೂ ಅದೇ, ಮಾರಲೂ ಅದೇ. ಆಮೇಲೆ ಮೆಣಸು, ರಬ್ಬರ್. ಮಲೇರಿಯಾ ಹಲವರನ್ನು ಒಯ್ದಿತು. ಕಾಡೂ ಬಹಳ ಹೋಯಿತು. ಅದನ್ನು ಬಿಟ್ಟು ಈ ವಲಸೆಯ ಸಾಹಸವನ್ನಷ್ಟೇ ಹಾಡಿದರೆ ಅರ್ಧ ಕಥೆಯಾಗುತ್ತದೆ. 1953ರ ಕೊನೆಯಲ್ಲಿ ತಲಶ್ಶೇರಿ ಧರ್ಮಪ್ರಾಂತ ಹುಟ್ಟಿತು. 1955ರಲ್ಲಿ ಅದರ ಅಧಿಕಾರ ದಕ್ಷಿಣ ಕನ್ನಡಕ್ಕೂ ವಿಸ್ತರಿಸಿತು. 1999ರ ಏಪ್ರಿಲ್ 24ರಂದು ಬೆಳ್ತಂಗಡಿಯೇ ಸೀರೊ ಮಲಬಾರ್ ಧರ್ಮಪ್ರಾಂತವಾಯಿತು. 2010ರ ಜನವರಿ 25ರಂದು ಪುತ್ತೂರು ಸೀರೊ ಮಲಂಕರ ಧರ್ಮಪ್ರಾಂತವಾಯಿತು. ಮಹಾಲಿಂಗೇಶ್ವರನ ಪುತ್ತೂರು ಹೀಗೆ ತೋಮನ ಪರಂಪರೆಯ ನಕ್ಷೆಯಲ್ಲೂ ಒಂದು ಪೀಠ.

ಈ ಮನೆಗಳಲ್ಲಿ ತೋಮ ಉಳಿದಿರುವುದು ವಾದದಲ್ಲಿ ಅಲ್ಲ, ರೂಢಿಯಲ್ಲಿ. ಪೆಸಹಾ ಗುರುವಾರ ರಾತ್ರಿ ಹುಳಿಯಿಲ್ಲದ ಅಪ್ಪವನ್ನು ಮನೆಯ ಹಿರಿಯರು ಮುರಿದು ವಯಸ್ಸಿನ ಕ್ರಮದಲ್ಲಿ ಹಂಚುತ್ತಾರೆ. ಅದರ ಮೇಲೆ ಗರಿಗಳ ಭಾನುವಾರದ ಓಲೆಯ ಶಿಲುಬೆ ಇರುತ್ತದೆ. ಮದುವೆಯಲ್ಲಿ ಕಟ್ಟುವುದು ಚಿಕ್ಕ ಗುಂಡುಗಳ ಶಿಲುಬೆಯಿರುವ ಮಿನ್ನು, ಅದನ್ನು ಪೋಣಿಸುವುದು ಮಂತ್ರಕೋಡಿ ಸೀರೆಯಿಂದ ತೆಗೆದ ನೂಲಿನಲ್ಲಿ. ಮಾರ್ಗಂಕಳಿಯಲ್ಲಿ ಹನ್ನೆರಡು ಮಂದಿ ಉರಿಯುವ ದೀಪದ ಸುತ್ತ ಕುಣಿಯುತ್ತ ಹಾಡುವುದು ತೋಮನ ಕಥೆಯನ್ನೇ. ಅರಸನ ಅರಮನೆಯೂ ಅದರಲ್ಲಿ ಬರುತ್ತದೆ. ಸೀರೊ ಮಲಬಾರ್ ಬಲಿಪೂಜೆಯ ಮುಖ್ಯ ಪ್ರಾರ್ಥನೆಗೆ ಅದ್ದಾಯಿ ಮತ್ತು ಮಾರಿಯರ ಹೆಸರಿದೆ. ಎಡೆಸ್ಸಾಕ್ಕೆ ತೋಮ ಕಳುಹಿಸಿದ ಶಿಷ್ಯ ಅದ್ದಾಯಿ ಎಂಬುದು ಸುರಿಯಾನಿ ಪರಂಪರೆ. ಲೋಕದಲ್ಲಿ ಇನ್ನೂ ಬಳಕೆಯಲ್ಲಿರುವ ಅತಿ ಹಳೆಯ ಕ್ರೈಸ್ತ ಪೂಜಾಪಾಠಗಳಲ್ಲಿ ಅದೊಂದು. ಅದು ಬೆಳ್ತಂಗಡಿ, ನೆಲ್ಯಾಡಿಗಳ ಗುಡ್ಡದ ಇಗರ್ಜಿಗಳಲ್ಲಿ ಜೀವಂತವಿದೆ ಎಂಬುದನ್ನು ನಮ್ಮ ಜಿಲ್ಲೆಯವರೇ ಹೆಚ್ಚು ಮಂದಿ ಅರಿಯರು. ಜುಲೈ 3ರ ‘ದುಖ್‌ರಾನ’, ತೋಮನ ನೆನಪಿನ ದಿನ, ಇಲ್ಲಿ ಕಾರ್ತೆಲ್ ತಿಂಗಳ ಜಡಿಮಳೆಯಲ್ಲಿ ಬರುತ್ತದೆ. ಆಗ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿರುತ್ತಾರೆ, ಇಲ್ಲವಾದರೆ ಗೆರಟೆಗೆ ಹಾಲಿಗಿಂತ ನೀರೇ ಹೆಚ್ಚು ಬೀಳುತ್ತದೆ.

ತಿರುವಾಂಕೂರಿನವರು ಜಾಗ ನೋಡಿ, ಬೆಲೆ ಮಾತಾಡಿ ಬಂದವರು. ಐವರ್ನಾಡಿನ ನಿಗಮದ ತೋಪಿಗೆ ಬಂದವರ ಕಥೆ ಬೇರೆ. ಬ್ರಿಟಿಷರ ಕಾಲದಲ್ಲಿ ಮಧುರೆ, ತಿರುಚ್ಚಿ, ರಾಮನಾಡಿನ ಕಡೆಯಿಂದ ಸಿಲೋನಿನ ಎಸ್ಟೇಟುಗಳಿಗೆ ಒಯ್ದ ತಮಿಳು ಕೂಲಿಗಳ ಮೊಮ್ಮಕ್ಕಳು ಅವರು. 1948ರ ಸಿಲೋನ್ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಮಂದಿ ಭಾರತದ ಪಾಲು, 3,00,000 ಮಂದಿ ಸಿಲೋನಿನ ಪಾಲು. ಉಳಿದ 1,50,000 ಮಂದಿಯ ಮಾತು ಮುಂದಕ್ಕೆ ಹೋಯಿತು. ಯಾವ ದೇಶ ಬೇಕೆಂದು ಅರ್ಜಿ ಹಾಕುವ ಅವಕಾಶವೇನೋ ಇತ್ತು. ಆದರೆ ಲೆಕ್ಕ ಮೊದಲೇ ನಿಗದಿಯಾಗಿತ್ತು. ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಕಾದು, ಕೈಗೆ ಸಿಕ್ಕ ಕಾಗದದಲ್ಲಿ ಬರೆದ ಊರಿಗೆ ಹೊರಟರು. ಕೆಲವರ ಕಾಗದದಲ್ಲಿ ಇದ್ದದ್ದು ಸುಳ್ಯ, ಪುತ್ತೂರಿನ ರಬ್ಬರ್ ತೋಪು. ತಮಿಳು ನಡೆಯದ ಊರು, ಚಹಾ ಎಲೆ ಚಿವುಟಿ ಪಳಗಿದ ಕೈಗೆ ಹೊಸದಾದ ಟ್ಯಾಪಿಂಗ್ ಕತ್ತಿ, ವರ್ಷಕ್ಕೆ ಆರು ತಿಂಗಳು ಮಳೆ.

ಇವರಲ್ಲಿ ಹೆಚ್ಚಿನವರು ಮಾರಿಯಮ್ಮನ ಒಕ್ಕಲು. ಕೆಲವು ಮನೆಗಳು ಕ್ರೈಸ್ತರವು. ಇವರ ಪೂರ್ವಜರಿಗೂ ತೋಮನಿಗೂ ಏನು ನಂಟು ಎಂದರೆ ಮೈಲಾಪುರದ ಸಮಾಧಿ ತಮಿಳು ನಾಡಿನಲ್ಲಿದೆ ಎಂಬುದಷ್ಟೇ. ಆದರೆ ಇಡೀ ಸುಳ್ಯ ಸೀಮೆಯಲ್ಲಿ ‘ತೋಮನ ಕೃತ್ಯಗಳ’ ಮೊದಲ ಪುಟಕ್ಕೆ ಇವರಷ್ಟು ಹತ್ತಿರದವರು ಇನ್ನಾರೂ ಇಲ್ಲ. ಒಲ್ಲೆ ಎಂದವನಿಗೆ ಕ್ರಯಪತ್ರ, ಕೇಳದವರಿಗೆ ಒಪ್ಪಂದಪತ್ರ. ಬಂದ ಮೇಲೂ ಕಾಗದದ ಕಾಟ ಬಿಡಲಿಲ್ಲ. ತಮಿಳುನಾಡಿನ ಜಾತಿಯ ಹೆಸರು ಕರ್ನಾಟಕದ ಪಟ್ಟಿಗೆ ಹೊಂದದೆ, ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಇವರು ದಶಕಗಳ ಕಾಲ ಅಲೆದರು. ಆ ಮಕ್ಕಳು ಈಗ ಕನ್ನಡ ಶಾಲೆಯಲ್ಲಿ ಓದಿ, ಪೇಟೆಯಲ್ಲಿ ತುಳು ಮಾತಾಡಿ, ಮನೆಯಲ್ಲಿ ತಮಿಳು ಉಳಿಸಿಕೊಂಡವರು.

ತಲೈಮನ್ನಾರಿನಲ್ಲಿ ಅಮ್ಮನ ಸೆರಗು ಹಿಡಿದು ಹಡಗು ಹತ್ತಿದ ಮಕ್ಕಳಿಗೆ ಇಂದು ಅರುವತ್ತು ದಾಟುತ್ತಿದೆ. ಕಡಬ, ನೆಲ್ಯಾಡಿಯಲ್ಲಿ ಮೊದಲ ಮರಗೆಣಸಿನ ದಂಟು ಊರಿದವರಲ್ಲಿ ಉಳಿದವರು ಇನ್ನೂ ಹಿರಿಯರು. ಯಾವ ಎಸ್ಟೇಟಿನಲ್ಲಿ ಹುಟ್ಟಿದ್ದು, ಶಿಬಿರದಲ್ಲಿ ಎಷ್ಟು ದಿನ ಕಾದದ್ದು, ಊರಿನ ಹೆಸರನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದು, ಭಾಷೆ ಬಾರದ ಮೊದಲ ದಿನಗಳಲ್ಲಿ ಯಾವ ಮನೆಯವರು ಕರೆದು ನೀರು ಬೆಲ್ಲ ಕೊಟ್ಟದ್ದು, ಇದೆಲ್ಲ ಅವರ ನೆನಪಿನಲ್ಲಿದೆ. ತೋಮ ಸತ್ತು ಸುಮಾರು 150 ವರ್ಷ ಕಳೆದ ಮೇಲೆ ಯಾರೋ ಅವನ ಪಯಣವನ್ನು ಬರೆದರು. ಅಷ್ಟು ತಡವಾದ್ದರಿಂದ ಅವನು ಎಲ್ಲಿ ಇಳಿದ, ಯಾರ ಜೊತೆ ನಡೆದ ಎಂಬುದಕ್ಕೆ ಇಂದಿಗೂ ಜಗಳ. ಐವರ್ನಾಡಿನವರನ್ನು ಕೂರಿಸಿ ಕೇಳಿ ಕನ್ನಡದಲ್ಲಿ ಬರೆದಿಡಲು ಇನ್ನೂ ಹತ್ತು ಹದಿನೈದು ವರ್ಷದ ಅವಕಾಶವಿದೆ. ಪುತ್ತೂರು, ಸುಳ್ಯದ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.